ವೇಗಸ್‌ಗೆ ಯಾವಾಗ ಹೋಗಬೇಕು? ತಿಂಗಳು ಬಿಡಿ, ವಾರ ನೋಡಿ

ಅಮೆರಿಕದಲ್ಲಿರುವ ಕನ್ನಡದವರ ಮನೆಗಳಲ್ಲಿ ಈ ಪ್ರಶ್ನೆ ಆಗಾಗ ಬರುತ್ತಲೇ ಇರುತ್ತದೆ. ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಲಾಸ್ ವೇಗಸ್ ತೋರಿಸಬೇಕು, ಯಾವಾಗ ಕರ್ಕೊಂಡು ಹೋಗೋದು? ಯಾರನ್ನು ಕೇಳಿದರೂ ಉತ್ತರ ಒಂದೇ: ಮಾರ್ಚ್‌ನಿಂದ ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಆಗ ಹವೆ ಚೆನ್ನಾಗಿರುತ್ತದೆ. ಉತ್ತರದಲ್ಲಿ ತಪ್ಪೇನಿಲ್ಲ. ಆದರೆ ಅದನ್ನೇ ನಂಬಿ ನವೆಂಬರ್‌ಗೆ ರೂಮ್ ಹುಡುಕಲು ಕೂತರೆ ತಲೆ ಕೆಡುತ್ತದೆ. ಅದೇ ಹೋಟೆಲ್, ಅದೇ ರೂಮ್. ಈ ಮಂಗಳವಾರ ಒಂದು ಬೆಲೆ, ಇನ್ನೊಂದು ಮಂಗಳವಾರ ಅದರ ಎರಡು ಮೂರು ಪಟ್ಟು. ಎರಡೂ ದಿನ ಬಿಸಿಲು ಅಷ್ಟೇ, ಗಾಳಿಯೂ ಅಷ್ಟೇ. ಬೆಲೆ ಏರಿಸಿದ್ದು ವೇಗಸ್‌ನ ಕಾರ್ಯಕ್ರಮಗಳ ಕ್ಯಾಲೆಂಡರ್.

ಇದು ಅರ್ಥವಾಗಬೇಕಾದರೆ ವೇಗಸ್ ಹೇಗೆ ದುಡಿಯುತ್ತದೆ ಅಂತ ಸ್ವಲ್ಪ ನೋಡಬೇಕು. ವೇಗಸ್ ಇರುವ ನೆವಾಡ ರಾಜ್ಯ ಜೂಜಿಗೆ ಕಾನೂನಿನ ಒಪ್ಪಿಗೆ ಕೊಟ್ಟಿದ್ದು 1931ರಲ್ಲಿ. ಆಮೇಲೆ ಎಷ್ಟೋ ವರ್ಷ ಹೋಟೆಲ್‌ನವರ ಲೆಕ್ಕ ಸರಳವಾಗಿತ್ತು. ರೂಮ್ ಅಗ್ಗ ಕೊಡು, ಊಟ ಅಗ್ಗ ಕೊಡು, ಬಂದವನು ರಾತ್ರಿ ಜೂಜಿನ ಮೇಜಿನ ಮುಂದೆ ಕೂತರೆ ಸಾಕು. ಈಗ ಆ ಲೆಕ್ಕ ಹೋಯಿತು. ದೊಡ್ಡ ಹೋಟೆಲ್‌ಗಳ ಸಾಲು ಇರುವ ಸ್ಟ್ರಿಪ್ ರಸ್ತೆಯ ಆದಾಯದಲ್ಲಿ ಜೂಜಿನ ಪಾಲು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಬರುವುದು ರೂಮ್, ಊಟ, ಶೋ, ಬಾರ್, ಅಂಗಡಿಗಳಿಂದ. ರೂಮೇ ಮುಖ್ಯ ಸರಕು ಆದಮೇಲೆ ಅದನ್ನು ಖಾಲಿ ಬಿಡುವ ಹಾಗಿಲ್ಲ. ಊರಿನಲ್ಲಿ ಇರುವುದು ಸುಮಾರು ಒಂದೂವರೆ ಲಕ್ಷ ರೂಮು. ದಿನವೂ ಅಷ್ಟನ್ನು ತುಂಬಿಸಬೇಕು.

ಶುಕ್ರವಾರ, ಶನಿವಾರ ಚಿಂತೆ ಇಲ್ಲ. ಲಾಸ್ ಏಂಜಲೀಸ್ ಕಡೆಯಿಂದ ಸುಮಾರು 435 ಕಿಲೋಮೀಟರ್. ಜನ ತಾವಾಗಿಯೇ ಕಾರು ಹತ್ತಿ ಬರುತ್ತಾರೆ. ಸಮಸ್ಯೆ ಇರುವುದು ಸೋಮವಾರದಿಂದ ಗುರುವಾರದವರೆಗೆ. ಆ ನಾಲ್ಕು ದಿನ ತುಂಬಿಸಲು ಊರು ಹಿಡಿದ ದಾರಿ ಕನ್ವೆನ್ಷನ್, ಅಂದರೆ ವ್ಯಾಪಾರದ ದೊಡ್ಡ ಸಮಾವೇಶಗಳು. ಇಲ್ಲಿನ ಪ್ರವಾಸೋದ್ಯಮ ಪ್ರಾಧಿಕಾರವೇ ದೊಡ್ಡ ಕನ್ವೆನ್ಷನ್ ಸೆಂಟರ್ ನಡೆಸುತ್ತದೆ. ಅದಕ್ಕೆ ಹಣ ಬರುವುದು ಮುಖ್ಯವಾಗಿ ಹೋಟೆಲ್ ರೂಮಿನ ತೆರಿಗೆಯಿಂದ. ರೂಮ್ ತುಂಬಿದಷ್ಟೂ ಅದಕ್ಕೂ ಲಾಭ. ಸಮಾವೇಶಕ್ಕೆ ಬರುವವನ ಬಿಲ್ ಕಟ್ಟುವುದು ಅವನ ಕಂಪನಿ. ಅವನು ಬೆಲೆ ನೋಡುವುದಿಲ್ಲ. ಅದೇ ವಾರ ಸ್ವಂತ ದುಡ್ಡಿನಲ್ಲಿ ಹೋದ ನೀವು ಅವನ ಕಂಪನಿಯ ಜೊತೆ ಹರಾಜಿಗೆ ನಿಂತ ಹಾಗೆ.

ಜನವರಿ ಮೊದಲ ಅಥವಾ ಎರಡನೇ ವಾರ ಸಿಇಎಸ್ ನಡೆಯುತ್ತದೆ. ಎಲೆಕ್ಟ್ರಾನಿಕ್ಸ್ ಲೋಕದ ಅತಿ ದೊಡ್ಡ ಸಂತೆ, ಒಂದು ಲಕ್ಷ ದಾಟಿ ಜನ ಬರುತ್ತಾರೆ. ಹೊಸ ವರ್ಷದ ಗದ್ದಲ ಮುಗಿದ ಮೇಲೆ ಜನವರಿಯಲ್ಲಿ ಅಗ್ಗ ಇರಬೇಕು ಅಂದುಕೊಂಡು ಹೋದವರು ಸಿಕ್ಕಿಬೀಳುವುದು ಇಲ್ಲೇ. ಏಪ್ರಿಲ್‌ನಲ್ಲಿ ಪ್ರಸಾರ ಉದ್ಯಮದವರ ಎನ್‌ಎಬಿ. ನವೆಂಬರ್ ಮೊದಲ ವಾರದ ಹೊತ್ತಿಗೆ ಕಾರಿನ ಬಿಡಿಭಾಗದವರ ಸೆಮಾ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಕೂಡಲೇ ಅಮೆಜಾನ್‌ನ ಕ್ಲೌಡ್ ಸಮಾವೇಶ ರೀಇನ್ವೆಂಟ್, ಅದಕ್ಕೇ ಐವತ್ತು ಸಾವಿರ ಮೀರಿ ಜನ. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯಲ್ಲಿ ಅನೇಕರು ವೇಗಸ್ ಕಂಡಿರುವುದು ಈ ರೀಇನ್ವೆಂಟ್ ನೆಪದಲ್ಲೇ. 'ಅಯ್ಯೋ, ಆ ಊರು ಭಯಂಕರ ದುಬಾರಿ, ಎಲ್ಲಿ ನೋಡಿದರೂ ಕ್ಯೂ' ಅಂತ ಅವರು ವಾಪಸ್ ಬಂದು ಹೇಳಿದರೆ ನಂಬಿ, ಆದರೆ ಪೂರ್ತಿ ನಂಬಬೇಡಿ. ಅವರು ನೋಡಿದ್ದು ವರ್ಷದ ಅತಿ ಗಿಜಿಗುಟ್ಟುವ ವಾರಗಳಲ್ಲಿ ಒಂದನ್ನು.

ಇನ್ನೊಂದು ವಿಷಯ ನನಗೆ ಯಾವಾಗಲೂ ಮಜಾ ಅನ್ನಿಸುತ್ತದೆ. ಈ ಊರು ತನ್ನ ಕ್ಯಾಲೆಂಡರ್‌ನಲ್ಲಿ ಎಲ್ಲಿ ಖಾಲಿ ಜಾಗ ಕಂಡರೂ ಅಲ್ಲೊಂದು ಜಾತ್ರೆ ತಂದು ಕೂರಿಸುತ್ತದೆ. ಹಿಂದೆ ಡಿಸೆಂಬರ್ ಶುರುವಿನಲ್ಲಿ ವೇಗಸ್ ಬಿಕೋ ಅನ್ನುತ್ತಿತ್ತು. 1985ರಲ್ಲಿ ಒಕ್ಲಹೋಮಾ ಸಿಟಿಯಿಂದ ರೋಡಿಯೋ ಫೈನಲ್ಸ್ ಅನ್ನು ಇಲ್ಲಿಗೆ ಎಳೆದು ತಂದರು. ಗೂಳಿ ಮೇಲೆ ಕೂರುವವರು, ಹಗ್ಗ ಬೀಸಿ ಕರು ಹಿಡಿಯುವವರು, ಅವರನ್ನು ನೋಡಲು ಬರುವವರು. ಹತ್ತು ದಿನ ಊರೆಲ್ಲ ಕೌಬಾಯ್ ಟೋಪಿ. ಆಮೇಲೆ ಉಳಿದಿದ್ದ ಇನ್ನೊಂದು ಮಂಕು ಹೊತ್ತು ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ವಾರಾಂತ್ಯ. 2023ರಿಂದ ಅಲ್ಲಿಗೆ ಫಾರ್ಮುಲಾ ಒನ್ ಬಂದು ಕೂತಿದೆ. 6.2 ಕಿಲೋಮೀಟರ್ ಟ್ರ್ಯಾಕ್, ಅದರಲ್ಲಿ ಒಂದು ಭಾಗ ಸ್ಟ್ರಿಪ್ ರಸ್ತೆಯೇ. ರೇಸ್ ಶನಿವಾರ ರಾತ್ರಿ.

ಇದರ ಬಿಸಿ ಆ ಮೂರು ದಿನಕ್ಕೆ ಮಾತ್ರ ತಟ್ಟುತ್ತದೆ ಅಂದುಕೊಳ್ಳಬೇಡಿ. ವಾರಗಟ್ಟಲೆ ಮೊದಲೇ ಸ್ಟ್ಯಾಂಡ್ ಕಟ್ಟುವ ಕೆಲಸ ಶುರುವಾಗುತ್ತದೆ. ಬೇಲಿ, ದೀಪದ ಕಂಬ, ತಿರುಗಿಸಿದ ರಸ್ತೆ. ಮೊದಲ ವರ್ಷ ಬೆಲ್ಲಾಜಿಯೋ ಹೋಟೆಲ್ ಮುಂದಿನ ಕಾರಂಜಿ ನೋಡಲು ಹೋದವರಿಗೆ ಬೇಲಿಯ ದರ್ಶನವೂ ಆಯಿತು. ಅಲ್ಲಿನ ಮರಗಳನ್ನು ಕಡಿದಿದ್ದಕ್ಕೆ ಸ್ಥಳೀಯರು ಗೊಣಗಿದರು. ಇನ್ನೊಂದು ಪಾಠವೂ ಆ ವರ್ಷ ಸಿಕ್ಕಿತು. ಹೋಟೆಲ್‌ನವರು ಮೊದಲು ಬಾಯಿಗೆ ಬಂದ ಬೆಲೆ ಕೇಳಿದರು, ರೇಸ್ ಹತ್ತಿರ ಬಂದ ಹಾಗೆ ಅದು ಇಳಿಯಿತು. ಹೆದರಿ ತಿಂಗಳುಗಟ್ಟಲೆ ಮುಂಚೆ ದುಡ್ಡು ಕಟ್ಟಿದವರು ಕೈ ಹಿಸುಕಿಕೊಂಡರು. ರೇಸಿನಲ್ಲಿ ಆಸಕ್ತಿ ಇಲ್ಲದವರು ಅಕ್ಟೋಬರ್ ಕೊನೆಯಿಂದ ರೇಸ್ ಮುಗಿಯುವ ತನಕ ವೇಗಸ್ ಕಡೆ ತಲೆ ಹಾಕದಿದ್ದರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ನವೆಂಬರ್ ಹವೆ ಎಷ್ಟೇ ಸೊಗಸಾಗಿದ್ದರೂ ಸರಿಯೇ.

ಹಾಗಾದರೆ ಖಾಲಿ ಜಾಗ ಈಗ ಎಲ್ಲಿ ಉಳಿದಿದೆ? ಅತಿ ದೊಡ್ಡದು ರೋಡಿಯೋ ಮುಗಿದು ಕ್ರಿಸ್‌ಮಸ್ ಬರುವ ಮೊದಲಿನ ಹತ್ತು ಹನ್ನೆರಡು ದಿನ. ಕಂಪನಿಗಳು ಸಮಾವೇಶ ಇಡುವುದಿಲ್ಲ, ಅಮೆರಿಕದವರು ಹಬ್ಬದ ಖರೀದಿಯಲ್ಲಿ ಮುಳುಗಿರುತ್ತಾರೆ. ಥ್ಯಾಂಕ್ಸ್‌ಗಿವಿಂಗ್ ವಾರದ ಸೋಮವಾರದಿಂದ ಬುಧವಾರ ಕೂಡ ಸಾಮಾನ್ಯವಾಗಿ ಸಡಿಲ. ಇನ್ನು ಜೂನ್‌ನಿಂದ ಆಗಸ್ಟ್‌ವರೆಗಿನ ವಾರದ ದಿನಗಳು. ಅದಕ್ಕೆ ಕಾರಣ ಬೇರೆ ಹೇಳಬೇಕಾ? ಬಿಸಿಲು.

ಬಿಸಿಲಿನ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ. ವೇಗಸ್ ಇರುವುದು ಮೊಹಾವಿ ಮರುಭೂಮಿಯಲ್ಲಿ. ವರ್ಷಕ್ಕೆ ಬೀಳುವ ಮಳೆ ಸುಮಾರು ನೂರು ಮಿಲಿಮೀಟರ್ ಅಷ್ಟೇ. ಜುಲೈಯಲ್ಲಿ ಮಧ್ಯಾಹ್ನದ ಸರಾಸರಿ ತಾಪಮಾನವೇ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. 2024ರ ಜುಲೈ 7ರಂದು 48.9 ಡಿಗ್ರಿ ಮುಟ್ಟಿ ಊರಿನ ದಾಖಲೆ ಮುರಿಯಿತು. ಆ ವರ್ಷ ವೇಗಸ್ ಇರುವ ಕ್ಲಾರ್ಕ್ ಕೌಂಟಿಯಲ್ಲಿ ಬಿಸಿಲಿಗೆ ಸಂಬಂಧಪಟ್ಟ ಸಾವುಗಳು 500 ಮೀರಿದವು.

'ರಾಯಚೂರು, ಕಲಬುರಗಿ ನೋಡಿದವರಿಗೆ ಇದೇನು ಹೊಸದಾ' ಅಂತ ಅಪ್ಪ ಹೇಳಬಹುದು. ನಮ್ಮ ಕಡೆ ಅಂಥ ಬಿಸಿಲಿನಲ್ಲಿ ಮಧ್ಯಾಹ್ನ ಯಾರೂ ಹೊರಗೆ ಅಡ್ಡಾಡುವುದಿಲ್ಲ. ಬಾಗಿಲು ಹಾಕಿ ಮಲಗುತ್ತಾರೆ. ವೇಗಸ್‌ಗೆ ಹೋದವರು ಮಾಡುವುದೇ ಅಡ್ಡಾಡುವುದು. ಸ್ಟ್ರಿಪ್‌ನ ಉದ್ದ ಆರೂಮುಕ್ಕಾಲು ಕಿಲೋಮೀಟರ್. ಕಟ್ಟಡಗಳು ಎಷ್ಟು ದೊಡ್ಡವೆಂದರೆ ಪಕ್ಕದ ಹೋಟೆಲ್ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ, ನಡೆದರೆ ಇಪ್ಪತ್ತು ನಿಮಿಷ. ಗಾಳಿ ಒಣಗಿರುವುದರಿಂದ ಬೆವರು ಬಂದಿದ್ದೇ ಗೊತ್ತಾಗುವುದಿಲ್ಲ. ಮೈಯಲ್ಲಿ ನೀರು ಕಡಿಮೆಯಾಗುತ್ತಾ ಹೋಗುತ್ತದೆ. ಬಿಪಿ ಮಾತ್ರೆ, ಶುಗರ್ ಮಾತ್ರೆ ತೆಗೆದುಕೊಳ್ಳುವ ಎಪ್ಪತ್ತರ ಹಿರಿಯರಿಗೆ ಇದು ತಮಾಷೆಯಲ್ಲ. ರಾತ್ರಿಯಾದರೂ ತಂಪಾಗುತ್ತದೆ ಅನ್ನುವ ಹಾಗಿಲ್ಲ. ಕಾಂಕ್ರೀಟು, ಡಾಂಬರು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಬಿಡುತ್ತವೆ. ಜುಲೈಯಲ್ಲಿ ಹತ್ತು ಗಂಟೆಗೂ ಮುಖಕ್ಕೆ ಬಿಸಿಗಾಳಿ ಹೊಡೆಯುತ್ತದೆ.

ಬಿಸಿಲಿಗೆ ಅಂಜಿ ಹೋಟೆಲ್‌ಗಳ ಒಳಗೇ ನಡೆದುಕೊಂಡು ಹೋಗೋಣ ಅಂದರೆ ಅಲ್ಲೂ ಒಂದು ತೊಡಕು. ಒಳಗಿನ ದಾರಿಗಳೆಲ್ಲ ಕ್ಯಾಸಿನೊ ನಡುವೆಯೇ ಹಾದು ಹೋಗುತ್ತವೆ. ಬೇಕೆಂದೇ ಹಾಗೆ ಕಟ್ಟಿರುತ್ತಾರೆ. ನೆವಾಡದಲ್ಲಿ ಕ್ಯಾಸಿನೊ ಒಳಗೆ ಸಿಗರೇಟ್ ಸೇದಬಹುದು. ಸೇದಬಾರದು ಅನ್ನುವ ಕ್ಯಾಸಿನೊಗಳು ತೀರಾ ಕಡಿಮೆ. 21 ದಾಟದವರು ಕ್ಯಾಸಿನೊ ದಾಟಿ ಹೋಗಬಹುದೇ ಹೊರತು ಅಲ್ಲಿ ನಿಲ್ಲುವ ಹಾಗಿಲ್ಲ. ಅಂದರೆ ಜುಲೈಯಲ್ಲಿ ಅಜ್ಜಿ, ಮೊಮ್ಮಗ ಇಬ್ಬರನ್ನೂ ಹೊಗೆಯ ನಡುವೆ ಓಡಿಸಿಕೊಂಡು ಹೋಗಬೇಕು. ಏಪ್ರಿಲ್‌ನಲ್ಲಾದರೆ ಹೊರಗಿನ ಪಾದಚಾರಿ ದಾರಿಯಲ್ಲಿ ಆರಾಮಾಗಿ ಹೋಗಬಹುದು. ಹವೆ ಮುಖ್ಯವಾಗುವುದು ಇಂಥ ಕಾರಣಕ್ಕೆ.

ಆದರೂ ನಮ್ಮವರು ಹೋಗುವುದು ಜುಲೈಯಲ್ಲೇ! ಯಾಕೆ ಅಂತ ಯೋಚಿಸಿದರೆ ಕಾರಣ ಸ್ಪಷ್ಟ. ಊರಿನ ಬೇಸಿಗೆ ತಪ್ಪಿಸಿಕೊಂಡು ಅಪ್ಪ ಅಮ್ಮ ಏಪ್ರಿಲ್‌ನಲ್ಲಿ ಬರುತ್ತಾರೆ. ಆಗ ಇಲ್ಲಿನ ಮಕ್ಕಳಿಗೆ ಸ್ಕೂಲು. ರಜೆ ಶುರುವಾಗುವುದು ಜೂನ್ ಹೊತ್ತಿಗೆ. ಎಲ್ಲರೂ ಒಟ್ಟಿಗೆ ಹೋಗೋಣ ಅಂತ ಮುಂದೂಡುತ್ತಾರೆ. ಕೊನೆಗೆ ಜುಲೈ 4ರ ಉದ್ದ ವಾರಾಂತ್ಯ ಸಿಗುತ್ತದೆ. ಬಿಸಿಲೂ ಜಾಸ್ತಿ, ಜನರೂ ಜಾಸ್ತಿ, ಬೆಲೆಯೂ ಜಾಸ್ತಿ. ಬೇಸಿಗೆಯಲ್ಲಿ ಸಿಗುವ ಒಂದೇ ಲಾಭ ವಾರದ ದಿನದ ಅಗ್ಗದ ರೂಮು, ಅದನ್ನೂ ಕೈಬಿಟ್ಟ ಹಾಗಾಯಿತು. ಇದರ ಬದಲು ಏಪ್ರಿಲ್ ಕೊನೆ ಅಥವಾ ಮೇ ಮೊದಲ ಹದಿನೈದು ದಿನದಲ್ಲಿ ಭಾನುವಾರ ಹೋಗಿ ಬುಧವಾರ ಬನ್ನಿ. ಮಕ್ಕಳಿಗೆ ಮೂರು ದಿನ ಸ್ಕೂಲು ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ. ಅದು ಆಗಲ್ಲ ಅಂದರೆ ದಂಪತಿಯಲ್ಲಿ ಒಬ್ಬರು ಮಕ್ಕಳ ಜೊತೆ ಉಳಿದು, ಇನ್ನೊಬ್ಬರು ಹಿರಿಯರನ್ನು ಕರೆದುಕೊಂಡು ಹೋಗಲಿ. ಒಂದು ಎಚ್ಚರಿಕೆ: ಮೇ ಮಧ್ಯದಲ್ಲಿ ಇಡಿಸಿ ಅನ್ನುವ ಭಾರೀ ಸಂಗೀತ ಜಾತ್ರೆ ಇರುತ್ತದೆ. ಊರ ಹೊರಗಿನ ರೇಸ್ ಮೈದಾನದಲ್ಲಿ ರಾತ್ರಿಯಿಡೀ ನಡೆದರೂ ಮಲಗಲು ಆ ಜನರೆಲ್ಲ ಬರುವುದು ಇದೇ ಹೋಟೆಲ್‌ಗಳಿಗೆ.

ವಸಂತ ಅಂದರೆ ಎಲ್ಲ ಚೆಂದ ಅಂತಲೂ ಅಲ್ಲ. ಆಗ ಜೋರು ಗಾಳಿ ಬೀಸುವ ದಿನಗಳಿರುತ್ತವೆ. ಗಾಳಿ ಹೆಚ್ಚಾದರೆ ಬೆಲ್ಲಾಜಿಯೋ ಕಾರಂಜಿ ನಿಲ್ಲಿಸುತ್ತಾರೆ. ಒಂದೇ ರಾತ್ರಿಗೆ ಹೋದವರಿಗೆ ಅದೇ ತಪ್ಪಿಹೋದರೆ ಬೇಜಾರು. ಎರಡು ರಾತ್ರಿಯಾದರೂ ಇರಿ. ಅದೇ ಹೋಟೆಲಿನೊಳಗೆ ಹೂವಿನ ತೋಟವೊಂದಿದೆ. ಟಿಕೆಟ್ ಇಲ್ಲ, ಹಿರಿಯರಿಗೆ ಬಹಳ ಹಿಡಿಸುತ್ತದೆ. ವರ್ಷಕ್ಕೆ ಐದು ಸಲ ಅಲಂಕಾರ ಬದಲಿಸುತ್ತಾರೆ. ಬದಲಿಸುವಾಗ ಕೆಲವು ದಿನ ನೋಡಲು ಏನೂ ಇರುವುದಿಲ್ಲ. ಹೋಗುವ ಮೊದಲು ವಿಚಾರಿಸಿ.

ಬೇಸಿಗೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಸಣ್ಣ ಮಕ್ಕಳಿರುವ ಮನೆಯವರಿಗೆ, ಹಿರಿಯರು ಜೊತೆಗಿಲ್ಲದಿದ್ದರೆ, ಜೂನ್ ಶುರುವಿನ ವಾರದ ದಿನ ಪರವಾಗಿಲ್ಲ. ಬೆಳಗ್ಗೆ ಈಜುಕೊಳ, ಮಧ್ಯಾಹ್ನ ಎಸಿಯಲ್ಲಿ ನಿದ್ದೆ, ರಾತ್ರಿ ತಿರುಗಾಟ. ದೊಡ್ಡ ಹೋಟೆಲ್‌ಗಳ ಕೊಳಗಳಲ್ಲಿ ಹಲವು ಚಳಿಗಾಲದಲ್ಲಿ ಮುಚ್ಚಿರುತ್ತವೆ. ಮಕ್ಕಳಿಗೆ ವೇಗಸ್ ಅಂದರೆ ಆ ಕೊಳವೇ ತಾನೇ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಇದ್ದಕ್ಕಿದ್ದಂತೆ ಗುಡುಗು ಮಳೆ ಬಂದು ರಸ್ತೆ ತುಂಬ ನೀರು ಹರಿಯುವುದುಂಟು. 2022ರ ಬೇಸಿಗೆಯಲ್ಲಿ ಕ್ಯಾಸಿನೊ ಒಳಗೇ ನೀರು ಸುರಿಯಿತು.

ನನ್ನನ್ನು ಕೇಳಿದರೆ ಚಳಿಗಾಲಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ವೇಗಸ್‌ನ ಚೆಲುವೆಲ್ಲ ದೀಪದಲ್ಲಿದೆ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟಕ್ಕೆ. ಕತ್ತಲಾಗುವಷ್ಟರಲ್ಲಿ ಮಕ್ಕಳು, ಹಿರಿಯರು ಸುಸ್ತು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಐದೂವರೆಗೆ ಊರೆಲ್ಲ ಝಗಮಗ. 2023ರಲ್ಲಿ ತೆರೆದ ಸ್ಫಿಯರ್ ಅನ್ನುವ ಆ ದೈತ್ಯ ಗೋಳದ ಮೈಮೇಲಿನ ಬಣ್ಣದಾಟವನ್ನು ಪುಕ್ಕಟೆ ನೋಡಿಕೊಂಡು ಎಂಟು ಗಂಟೆಗೆ ಊಟ ಮುಗಿಸಿ ಮಲಗಬಹುದು. ಹಗಲು ಹದಿನಾಲ್ಕು ಹದಿನೈದು ಡಿಗ್ರಿ, ರಾತ್ರಿ ನಾಲ್ಕೈದು. ದಪ್ಪ ಸ್ವೆಟರ್, ಕಿವಿ ಮುಚ್ಚುವ ಟೋಪಿ ಬೇಕು ಅಷ್ಟೇ. ಒಂದೇ ಕೊರತೆ ಅಂದರೆ ಕ್ರಿಸ್‌ಮಸ್‌ಗೆ ಮುಂಚೆ ಕೆಲವು ದೊಡ್ಡ ಶೋಗಳು ಕಲಾವಿದರಿಗೆ ರಜೆ ಕೊಡುತ್ತವೆ. ಸರ್ಕಸ್ ಥರದ ಶೋ ನೋಡಲೇಬೇಕು ಅಂತಿದ್ದರೆ ಮೊದಲು ಶೋ ದಿನ ನೋಡಿ, ಆಮೇಲೆ ರೂಮ್ ಬುಕ್ ಮಾಡಿ. ಉಳಿದ ತಿಂಗಳುಗಳಲ್ಲೂ ವಾರದಲ್ಲಿ ಎರಡು ದಿನ ರಜೆ ಇರುವ ಶೋಗಳಿವೆ. ಅಗ್ಗ ಅಂತ ಸೋಮವಾರ, ಮಂಗಳವಾರ ಹೋದವರು ಇಲ್ಲಿ ತಪ್ಪಿಸಿಕೊಳ್ಳುತ್ತಾರೆ. ಡಿಸೆಂಬರ್ 31ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟ್ರಿಪ್‌ನಲ್ಲಿ ಕಾರು ಬಿಡುವುದಿಲ್ಲ, ಲಕ್ಷಗಟ್ಟಲೆ ಜನ. ಇಷ್ಟವಿದ್ದವರು ಹೋಗಲಿ.

ವೇಗಸ್ ಜೊತೆ ಗ್ರ್ಯಾಂಡ್ ಕ್ಯಾನ್ಯನ್ ಸೇರಿಸುವವರಿಗೆ ಲೆಕ್ಕ ಸ್ವಲ್ಪ ಜಟಿಲ. ಎಲ್ಲರೂ ಫೋಟೊದಲ್ಲಿ ನೋಡಿರುವ ಸೌತ್ ರಿಮ್, ಅಂದರೆ ಕಣಿವೆಯ ದಕ್ಷಿಣ ಅಂಚು, ಇಲ್ಲಿಂದ ನಾಲ್ಕೂವರೆ ಗಂಟೆ ದಾರಿ. ಅದು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರ್‌ಗಿಂತ ಮೇಲಿದೆ. ವೇಗಸ್‌ನಲ್ಲಿ ಸ್ವೆಟರ್ ಸಾಕಾಗುವ ಡಿಸೆಂಬರ್‌ನಲ್ಲಿ ಅಲ್ಲಿ ಹಿಮ ಬೀಳುತ್ತದೆ. ವೇಗಸ್ ಕಾದ ಕಾವಲಿಯಾಗುವ ಜುಲೈಯಲ್ಲಿ ಅಲ್ಲಿ ಹಿತ. ಗಾಜಿನ ಸೇತುವೆ ಇರುವ ವೆಸ್ಟ್ ರಿಮ್ ಹತ್ತಿರ, ಎರಡೂವರೆ ಗಂಟೆಯೊಳಗೆ ಮುಟ್ಟಬಹುದು. ಅದು ಹ್ವಾಲಪೈ ಬುಡಕಟ್ಟಿನವರ ಜಾಗ, ಟಿಕೆಟ್ಟೇ ಬೇರೆ. ವೇಗಸ್‌ಗಿಂತಲೂ ಬಿಸಿಯಾದ ಮರುಭೂಮಿ ಡೆತ್ ವ್ಯಾಲಿ ನೋಡಬೇಕಾದರೆ ಚಳಿಗಾಲವೇ ಸರಿ. ಊರ ಪಕ್ಕದ ಕೆಂಪು ಬಂಡೆಗಳ ರೆಡ್ ರಾಕ್ ಕ್ಯಾನ್ಯನ್‌ಗೆ ಅಕ್ಟೋಬರ್‌ನಿಂದ ಮೇವರೆಗೆ ಮೊದಲೇ ಸಮಯ ಕಾದಿರಿಸಬೇಕು. ಹೂವರ್ ಡ್ಯಾಮ್‌ಗೆ ಇಷ್ಟು ತಲೆಬಿಸಿ ಇಲ್ಲ. ಮುಕ್ಕಾಲು ಗಂಟೆ ದಾರಿ, ಬೆಳಗ್ಗೆ ಬೇಗ ಹೊರಟರೆ ಆಯಿತು. ಎಲ್ಲವನ್ನೂ ಒಂದೇ ಸಲ ನೋಡುವವರಿಗೆ ನಾನು ಅಕ್ಟೋಬರ್ ಮೊದಲ ಮೂರು ವಾರ ಅಥವಾ ಮೇ ಮೊದಲ ವಾರ ಅನ್ನುತ್ತೇನೆ.

ಈ ಲೆಕ್ಕಾಚಾರಕ್ಕೆ 2025ರಲ್ಲಿ ಹೊಸ ತಿರುವು ಬಂದಿದೆ. 2024ರಲ್ಲಿ ವೇಗಸ್‌ಗೆ ಬಂದವರು ಸುಮಾರು 4.17 ಕೋಟಿ. 2025ರಲ್ಲಿ ಆ ಸಂಖ್ಯೆ ಕುಸಿಯಿತು. ಜೂನ್ ಒಂದರಲ್ಲೇ ಹಿಂದಿನ ಜೂನ್‌ಗಿಂತ ಶೇಕಡ 11ರಷ್ಟು ಕಡಿಮೆ. ಕೆನಡಾದವರು ಅಮೆರಿಕದ ಮೇಲೆ ಮುನಿಸಿಕೊಂಡು ಬರುವುದು ಕಡಿಮೆ ಮಾಡಿದ್ದು ಒಂದು ಕಾರಣ. ಬೆಲೆಗಳಿಂದ ಜನ ರೋಸಿಹೋಗಿದ್ದು ಇನ್ನೊಂದು. ಒಂದು ಹೋಟೆಲಿನ ರೂಮಿನಲ್ಲಿ ಇಟ್ಟಿದ್ದ ನೀರಿನ ಬಾಟಲಿಗೆ 26 ಡಾಲರ್ ಹಾಕಿದ ಸುದ್ದಿ ಎಲ್ಲ ಕಡೆ ಓಡಾಡಿತು. ಆಮೇಲೆ ಹೋಟೆಲ್‌ಗಳು ಸ್ವಲ್ಪ ಬಗ್ಗಿದವು. ಕೆಲವು ಕಡೆ ಬೇಸಿಗೆಗೆ ಅಂತ ರೆಸಾರ್ಟ್ ಫೀ, ಪಾರ್ಕಿಂಗ್ ಬಿಟ್ಟರು. ಸೆಪ್ಟೆಂಬರ್‌ನಲ್ಲಿ ಊರಿಗೆ ಊರೇ ಐದು ದಿನದ ರಿಯಾಯಿತಿ ಮಾರಾಟ ನಡೆಸಿತು. ಆದರೆ ಈ ರಿಯಾಯಿತಿಗಳು ಬರುವುದು ಖಾಲಿ ವಾರಗಳಿಗೆ ಮಾತ್ರ. ಸಿಇಎಸ್ ವಾರದಲ್ಲಿ ಯಾರೂ ನಿಮಗೆ ಪಾರ್ಕಿಂಗ್ ಬಿಟ್ಟುಕೊಡುವುದಿಲ್ಲ. ಅಂದರೆ ಒಳ್ಳೆಯ ವಾರಕ್ಕೂ ಕೆಟ್ಟ ವಾರಕ್ಕೂ ನಡುವಿನ ಅಂತರ ಈಗ ಮೊದಲಿಗಿಂತ ಜಾಸ್ತಿ.

ರೆಸಾರ್ಟ್ ಫೀ ಅಂದೆನಲ್ಲ. ರೂಮಿನ ಬೆಲೆಯ ಮೇಲೆ ರಾತ್ರಿಗೆ 40-55 ಡಾಲರ್ ಸುಮ್ನೆ ಸೇರಿಸುತ್ತಾರೆ. ಅದರ ಮೇಲೆ ಶೇಕಡ 13ರ ಆಸುಪಾಸು ತೆರಿಗೆ. ಮೊದಲೆಲ್ಲ ಇದು ಕೊನೆಯ ಪುಟದಲ್ಲಿ ಪ್ರತ್ಯಕ್ಷವಾಗುತ್ತಿತ್ತು. 2025ರ ಮೇ 12ರಿಂದ ಅಮೆರಿಕ ಸರ್ಕಾರದ ಹೊಸ ನಿಯಮ ಬಂದಿದೆ. ಕಡ್ಡಾಯ ಶುಲ್ಕವನ್ನೆಲ್ಲ ಸೇರಿಸಿಯೇ ಬೆಲೆ ತೋರಿಸಬೇಕು. ತೆರಿಗೆಯನ್ನು ಮಾತ್ರ ಆಮೇಲೆ ಹೇಳಬಹುದು. ಇದರಿಂದ ವಾರ ವಾರದ ಬೆಲೆ ಹೋಲಿಸುವುದು ಸುಲಭವಾಯಿತು. ಹೋಟೆಲಿನ ಸ್ವಂತ ವೆಬ್‌ಸೈಟಿನಲ್ಲಿ ತಿಂಗಳ ಕ್ಯಾಲೆಂಡರ್ ತೆರೆದರೆ ಪ್ರತಿ ದಿನದ ಕೆಳಗೆ ಬೆಲೆ ಇರುತ್ತದೆ. ಬೆಲೆ ಎಲ್ಲಿ ಧುತ್ತೆಂದು ಏರಿದೆಯೋ ಅಲ್ಲೊಂದು ಸಮಾವೇಶ ಕೂತಿದೆ ಅಂತ ಲೆಕ್ಕ. ಯಾವುದು ಅಂತ ತಿಳಿಯಬೇಕಾದರೆ ಪ್ರವಾಸೋದ್ಯಮ ಪ್ರಾಧಿಕಾರದ ಪಟ್ಟಿ ನೋಡಿ. ಯಾವ ಸಮಾವೇಶಕ್ಕೆ ಎಷ್ಟು ಜನ ಬರಬಹುದು ಅಂತಲೂ ಅದರಲ್ಲಿ ಇರುತ್ತದೆ. ರದ್ದು ಮಾಡಬಹುದಾದ ರೂಮನ್ನೇ ಬುಕ್ ಮಾಡಿ. ಹೋಗುವ ಹದಿನೈದು ದಿನ ಮೊದಲು ಮತ್ತೆ ಬೆಲೆ ನೋಡಿ. ಇಳಿದಿದ್ದರೆ ಹಳೆಯದನ್ನು ಬಿಟ್ಟು ಹೊಸದು ಹಿಡಿಯಿರಿ.

ರೂಮಿನ ವಿಷಯದಲ್ಲಿ ಇನ್ನೆರಡು ಮಾತು, ಇವು ಯಾವ ವಾರಕ್ಕೂ ಅನ್ವಯ. ಸ್ಟ್ರಿಪ್‌ನ ಅನೇಕ ರೂಮುಗಳಲ್ಲಿ ಕಾಫಿ ಕಾಯಿಸುವ ಕೆಟಲ್ ಇರುವುದಿಲ್ಲ. ಕೆಳಗೆ ಬಂದು ದುಡ್ಡು ಕೊಟ್ಟು ಕುಡಿಯಲಿ ಅಂತ. ಬೆಳಗ್ಗೆ ಐದಕ್ಕೇ ಏಳುವ ಅಮ್ಮನಿಗೆ ಸಣ್ಣ ಕೆಟಲ್ ಜೊತೆಗಿರಲಿ. ಮೊಸರನ್ನದ ಡಬ್ಬಿಯನ್ನು ರೂಮಿನ ಫ್ರಿಜ್‌ನಲ್ಲಿ ಇಡಲು ಹೋಗಿ ಅಲ್ಲಿನ ಬಾಟಲಿ ಸರಿಸೀರಿ, ಜೋಕೆ. ಹಲವು ಕಡೆ ಅದಕ್ಕೆ ಸೆನ್ಸರ್ ಇರುತ್ತದೆ. ಕದಲಿಸಿದರೂ ಬಿಲ್ ಬೀಳುತ್ತದೆ.

ಕಾರಿನಲ್ಲಿ ಹೋಗುವವರು ವಾಪಸ್ ಬರುವ ದಿನವನ್ನೂ ಅಷ್ಟೇ ಎಚ್ಚರದಿಂದ ಆರಿಸಬೇಕು. ಭಾನುವಾರ ಮಧ್ಯಾಹ್ನ ಲಾಸ್ ಏಂಜಲೀಸ್ ಕಡೆಯ ಐ-15 ಹೆದ್ದಾರಿ ಕ್ಯಾಲಿಫೋರ್ನಿಯಾ ಗಡಿಯ ಹತ್ತಿರ ಕಟ್ಟಿಕೊಂಡುಬಿಡುತ್ತದೆ. ನಾಲ್ಕು ಗಂಟೆಯ ದಾರಿ ಆರು ಏಳು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಉದ್ದ ವಾರಾಂತ್ಯವಾದರೆ ಕೇಳುವುದೇ ಬೇಡ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದವರೂ ಬಾರ್‌ಸ್ಟೋ ಊರಿನವರೆಗೆ ಇದೇ ರಸ್ತೆಯಲ್ಲಿ ಬಂದು ಆಮೇಲೆ ತಿರುಗಬೇಕು. ಅವರದ್ದು ಮೊದಲೇ ಒಂಬತ್ತು ಗಂಟೆಯ ದಾರಿ. ಭಾನುವಾರ ಎಲ್ಲರೂ ಊರು ಬಿಡುವಾಗ ನೀವು ಊರಿಗೆ ಬಂದರೆ ಎದುರಿನ ರಸ್ತೆ ಖಾಲಿ, ಆ ರಾತ್ರಿಯಿಂದಲೇ ರೂಮೂ ಅಗ್ಗ.